ಹತ್ತೊಂಬತ್ತು ಪ್ರಶ್ನೆಗಳ ಹಾಳೆ

ಪುಸ್ತಕಗಳ ಬಗ್ಗೆ ಬರೆಯುವುದು ನನಗೆ ಹೊಸದಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆ ಒಂದು ಪುಸ್ತಕ ಪರಿಚಯ ಬರೆದುಕೊಡುವ ಕೆಲಸ ಬಹಳ ವರ್ಷಗಳಿಂದ ನನ್ನ ತಲೆಗೇ ಬಿದ್ದಿದೆ. ಆದರೆ ಈ ಸಲ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಪುಸ್ತಕವನ್ನಲ್ಲ, ಒಂದೇ ಒಂದು ಹಾಳೆಯನ್ನು. ಅದರಲ್ಲಿ ಕಥೆಯಿಲ್ಲ, ಪದ್ಯವಿಲ್ಲ, ಬರೆದವರ ಹೆಸರೂ ಇಲ್ಲ. ಇರುವುದು ಹತ್ತೊಂಬತ್ತು ಪ್ರಶ್ನೆಗಳು, ಅಷ್ಟೆ. ಆದರೂ ಈಚಿನ ದಿನಗಳಲ್ಲಿ ನಾನು ಇಷ್ಟು ಸಲ ತಿರುತಿರುಗಿ ಓದಿದ ಬರಹ ಬೇರೊಂದಿಲ್ಲ.

ಹಾಳೆ ನನ್ನ ಕೈಗೆ ಬಂದದ್ದು ಹೀಗೆ. ಪುಷ್ಯಮಾಸದ ಒಂದು ಭಾನುವಾರ. ಮದ್ದೂರಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಈಗ ಆಕೆ ನಮ್ಮ ಜಿಲ್ಲೆಯದೇ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಆಪರೇಷನ್ ಥಿಯೇಟರಿನ ಕೆಲಸ. ಬ್ಯಾಗಿನಿಂದ ಎರಡು ಹಾಳೆ ತೆಗೆದು ಇಟ್ಟಳು. ಒಂದು ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹಾಳೆ. ಇನ್ನೊಂದು ಅವರ ಆಸ್ಪತ್ರೆಯಲ್ಲಿ ಟೈಪ್ ಮಾಡಿಸಿದ್ದು.

"ಮಿಸ್, ಎರಡನೇದನ್ನ ಕನ್ನಡ ಮಾಡ್ಕೊಡಿ. ಮೊದಲನೇದನ್ನೇ ನಮ್ಮ ಆಸ್ಪತ್ರೆಗೆ ಹೊಂದೋ ಹಾಗೆ ಬದಲಾಯಿಸಿದಾರೆ," ಅಂದಳು.

"ಹೊಂದೋ ಹಾಗೆ ಅಂದ್ರೆ ಯಾರಿಗೆ ಹೊಂದೋ ಹಾಗಮ್ಮ?" ಅಂದೆ. ಕೇಳಿದ್ದು ಸುಮ್ಮನೆ ಬಾಯಿಗೆ ಬಂದ ಮಾತು. ಆದರೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದ ಮೇಲೆ, ಕೇಳಬೇಕಾದ ಪ್ರಶ್ನೆ ಅದೊಂದೇ ಎನ್ನಿಸಿತು.

ಮೊದಲು ಮೂಲ ಹಾಳೆಯ ವಿಚಾರ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೊರತಂದದ್ದು 2008ರ ಜೂನ್ ತಿಂಗಳಲ್ಲಿ. ಅದನ್ನು ರೂಪಿಸಿದ ತಂಡದ ಮುಂದಾಳು ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ. ಅವರ ತಂದೆ ಮಹಾರಾಷ್ಟ್ರದ ಹಳ್ಳಿಯಿಂದ ಹೋಗಿ ಅಲ್ಲಿ ವೈದ್ಯರಾದವರು. 2009ರಲ್ಲಿ ಗವಾಂಡೆಯವರು 'ದಿ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೊ' ಎಂಬ ಪುಸ್ತಕವನ್ನೇ ಬರೆದರು. ಈ ಬಗೆಯ ಪಟ್ಟಿಯ ಮೂಲ ಆಸ್ಪತ್ರೆಯಲ್ಲಿಲ್ಲ, ವಿಮಾನದಲ್ಲಿದೆ ಎಂದು ಅವರು ಅಲ್ಲಿ ವಿವರಿಸುತ್ತಾರೆ. 1935ರ ಅಕ್ಟೋಬರಿನಲ್ಲಿ ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಪರೀಕ್ಷೆಯ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿದ್ದು ಸುಟ್ಟುಹೋಯಿತು. ಯಂತ್ರದಲ್ಲಿ ದೋಷವಿರಲಿಲ್ಲ. ಪೈಲಟ್ ಅನನುಭವಿಯೂ ಅಲ್ಲ. ಹಾರುವ ಮೊದಲು ಒಂದು ಬೀಗ ಬಿಚ್ಚುವುದನ್ನು ಆತ ಮರೆತಿದ್ದ. ಆಮೇಲೆ ಪೈಲಟ್ಟುಗಳಿಗೆ ಹೆಚ್ಚಿನ ತರಬೇತಿಯ ಬದಲು ಒಂದು ಚೀಟಿಯನ್ನು ಮಾಡಿಕೊಟ್ಟರು. ಗೊತ್ತಿಲ್ಲದವರಿಗಾಗಿ ಬರೆದ ಚೀಟಿಯಲ್ಲ ಅದು, ಚೆನ್ನಾಗಿ ಗೊತ್ತಿದ್ದು ಮರೆಯುವವರಿಗಾಗಿ ಬರೆದದ್ದು.

ಇದನ್ನು ನಾವು ಹೆಂಗಸರು ಬೇಗ ಒಪ್ಪುತ್ತೇವೆ. ಐವತ್ತು ವರ್ಷ ಅಡುಗೆ ಮಾಡಿದ ಅಜ್ಜಿಯೂ ಮದುವೆಯ ಸಾಮಾನಿಗೆ ಪಟ್ಟಿ ಬರೆಸುತ್ತಾಳೆ. ಅವಳಿಗೆ ಉಪ್ಪು ಬೇಕೆಂಬುದು ಗೊತ್ತಿಲ್ಲವೆಂದಲ್ಲ. ಸಾವಿರ ಜನರ ಗದ್ದಲದಲ್ಲಿ ಉಪ್ಪೇ ಮರೆತುಹೋಗುತ್ತದೆಂಬುದು ಅವಳಿಗೆ ಗೊತ್ತು.

ಹಾಳೆಯ ರಚನೆ ಸರಳವಾಗಿದೆ. ಮೂರು ನಿಲ್ದಾಣಗಳು. ಅರಿವಳಿಕೆ ಕೊಡುವ ಮೊದಲು ಏಳು ಪ್ರಶ್ನೆ, ಚರ್ಮಕ್ಕೆ ಚಾಕು ತಾಗಿಸುವ ಮೊದಲು ಏಳು, ರೋಗಿಯನ್ನು ಥಿಯೇಟರಿನಿಂದ ಕಳಿಸುವ ಮೊದಲು ಐದು. ಒಂದೊಂದು ನಿಲ್ದಾಣಕ್ಕೆ ಒಂದು ನಿಮಿಷ ಸಾಕು. ರೋಗಿ ಯಾರು, ಯಾವ ಆಪರೇಷನ್, ದೇಹದ ಯಾವ ಕಡೆ, ಆಕೆಯ ಒಪ್ಪಿಗೆಯಿದೆಯೇ? ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ? ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವವಿದೆಯೇ? ನಂಜಾಗದಂತೆ ಕೊಡುವ ಇಂಜೆಕ್ಷನ್ ಕಳೆದ ಒಂದು ಗಂಟೆಯೊಳಗೆ ಕೊಟ್ಟಾಗಿದೆಯೇ? ಕೊನೆಗೆ ಸೂಜಿ, ಸಲಕರಣೆ, ರಕ್ತ ಒತ್ತುವ ಬಟ್ಟೆಗಳ ಎಣಿಕೆ ಸರಿಬಂತೇ? ಇಂಥವು. ವಿದ್ವತ್ತಿನ ಭಾರವಿಲ್ಲ. ಎಲ್ಲವೂ ಬಾಯಿಬಿಟ್ಟು ಹೇಳಬೇಕಾದವು.

ಸಿಯಾಟಲ್, ಟೊರಾಂಟೊ, ಲಂಡನ್, ಆಕ್ಲೆಂಡ್, ಅಮ್ಮಾನ್, ಮನಿಲಾ, ತಾಂಜಾನಿಯಾದ ಇಫಕಾರಾ, ಮತ್ತು ನಮ್ಮ ದೆಹಲಿಯ ಸೇಂಟ್ ಸ್ಟೀಫನ್ಸ್ ಹೀಗೆ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್ನಿನ ನಂತರದ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿದಿತ್ತು. ದೊಡ್ಡ ತೊಂದರೆಗಳು ನೂರಕ್ಕೆ 11 ಇದ್ದದ್ದು 7ಕ್ಕೆ ಬಂದಿದ್ದವು. ಹೊಸ ಔಷಧಿಯಿಲ್ಲ, ಕೋಟಿ ಬೆಲೆಯ ಯಂತ್ರವಿಲ್ಲ. ಒಂದು ಹಾಳೆ.

ಆದರೆ ವಿಮರ್ಶಕಿಯಾಗಿ ನನಗೆ ಬಹಳ ಹಿಡಿಸಿದ್ದು ಹಾಳೆಯ ತೀರ ಕೆಳಗೆ ಸಣ್ಣಕ್ಷರದಲ್ಲಿರುವ ಮಾತು. ಈ ಪಟ್ಟಿ ಪರಿಪೂರ್ಣವಲ್ಲ, ನಿಮ್ಮ ನಿಮ್ಮ ಕಡೆಯ ಪದ್ಧತಿಗೆ ತಕ್ಕಂತೆ ಸೇರಿಸಿ, ಬದಲಾಯಿಸಿ ಎಂಬ ಅರ್ಥದ ಸೂಚನೆ ಅಲ್ಲಿದೆ. 'ನಾನು ಬರೆದದ್ದೇ ಕೊನೆ' ಎನ್ನದ ಬರಹಗಾರರು ನಮ್ಮಲ್ಲಿ ಎಷ್ಟು ಮಂದಿ! ಜೊತೆಗೆ ಬಂದ ಕೈಪಿಡಿಯಲ್ಲಿ ಒಂದು ಎಚ್ಚರಿಕೆಯೂ ಉಂಟು. ಸೇರಿಸಿ, ಆದರೆ ಹಾಳೆಯನ್ನು ಹೊರಲಾರದಷ್ಟು ಉದ್ದ ಮಾಡಬೇಡಿ. ಬದಲಾಯಿಸಿ, ಆದರೆ ನಮ್ಮಲ್ಲಿ ಇದು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಪ್ರಶ್ನೆಯನ್ನೂ ಕಿತ್ತುಹಾಕಬೇಡಿ. ರವಿಕೆಯನ್ನು ಮೈಗೆ ಹೊಂದಿಸುವುದೆಂದರೆ ಅಳತೆಗೆ ತರುವುದು. ತೋಳು ಹೊಲಿಯುವುದು ಕಷ್ಟವೆಂದು ತೋಳನ್ನೇ ಬಿಟ್ಟರೆ ಅದು ಹೊಂದಿಸಿದಂತಲ್ಲ.

ಇನ್ನು ನನ್ನ ವಿದ್ಯಾರ್ಥಿನಿಯ ಆಸ್ಪತ್ರೆಯ ಹಾಳೆಗೆ ಬರೋಣ. ಅಲ್ಲಿ ಹತ್ತೊಂಬತ್ತು ಪ್ರಶ್ನೆ ಮೂವತ್ತನಾಲ್ಕು ಆಗಿದ್ದವು. ಮುಂಗಡ ಹಣ ಕಟ್ಟಿದೆಯೇ, ಆಧಾರ್ ಜೆರಾಕ್ಸ್ ಎರಡು ಪ್ರತಿ ಬಂದಿದೆಯೇ, ವಿಮೆಯ ಕಾಗದ ಆಗಿದೆಯೇ ಎಂಬುವೆಲ್ಲ ಸೇರಿಕೊಂಡಿದ್ದವು. ಅವೂ ಬೇಕಾದವೇ ಇರಬಹುದು, ಆದರೆ ಅವುಗಳ ಜಾಗ ಕ್ಯಾಷ್ ಕೌಂಟರು. ಎಣಿಕೆಯ ಎದುರಿಗೆ ಸಂಖ್ಯೆ ಬರೆಯಲು ಜಾಗವೇ ಇರಲಿಲ್ಲ, 'ಸರಿ ಇದೆ' ಎಂದು ಮೊದಲೇ ಅಚ್ಚಾಗಿತ್ತು. ರೋಗಿಯ ಒಪ್ಪಿಗೆ ಎಂಬಲ್ಲಿ 'ಗಂಡ ಅಥವಾ ಮಗನ ಸಹಿ' ಎಂದಿತ್ತು. ಮತ್ತು ಒಂದು ಪ್ರಶ್ನೆ ಪೂರ್ತಿ ಮಾಯವಾಗಿತ್ತು. ಚಾಕು ತಾಗಿಸುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಂಡರೇ ಎಂಬ ಪ್ರಶ್ನೆ.

"ಇದ್ಯಾಕಮ್ಮ ಹೊಡೆದು ಹಾಕಿದಾರೆ?"

"ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಲ್ವಾ ಮಿಸ್. ಆಟ ಆಡ್ದಂಗೆ ಆಗುತ್ತೆ ಅಂದ್ರು."

ನಾನು ಹಿದುಕುತ್ತಿದ್ದ ಕಾಳನ್ನು ಪಕ್ಕಕ್ಕಿಟ್ಟೆ. ಮಳವಳ್ಳಿಯ ನನ್ನ ಅತ್ತಿಗೆಯ ನೆನಪಾಯಿತು.

ಇದು 2003ರ ಸುಮಾರಿನ ಮಾತು. ಯಾವ ಊರು, ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಅತ್ತಿಗೆಗೆ ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ನಿಶ್ಚಯವಾಗಿತ್ತು. ಅತ್ತಿಗೆಯ ಹೆಸರು ನಮ್ಮ ಕಡೆ ಊರಿಗೆ ಹತ್ತು ಮಂದಿಗಿರುವ ಹೆಸರು. ಅದೇ ದಿನ ಅದೇ ಹೆಸರಿನ ಇನ್ನೊಬ್ಬಾಕೆಗೆ ಗರ್ಭಕೋಶ ತೆಗೆಯುವ ಆಪರೇಷನ್ ಇತ್ತು. ಅತ್ತಿಗೆಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಒಳಗೆ ಕರೆದೊಯ್ದರು. ಹೆಸರು ಹಿಡಿದು "ಅವರೇ ಅಲ್ವೇನಮ್ಮ?" ಎಂದು ಕೇಳಿದರು. ಅತ್ತಿಗೆ "ಹೂಂ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಮೇಜಿನ ಮೇಲಿದ್ದ ಫೈಲು ಇನ್ನೊಬ್ಬಾಕೆಯದು.

ಮೂಲೆಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಆಯಾ ಮಾತ್ರ, "ಸಾರ್, ಈಯವ್ವ ಮಳವಳ್ಳಿಯೋರು ಕಣ್ ಸಾರ್. ಗರ್ಭಕೋಸದ ಅವ್ವ ಇನ್ನೂವೆ ವಾರ್ಡ್‌ನಲ್ಲೇ ಮನಿಕಂಡವ್ರೆ," ಅಂದಳಂತೆ. ಮೊದಲು ಆಕೆಗೆ ಸಿಕ್ಕಿದ್ದು ಬೈಗುಳ. 'ನಿನ್ನ ಕೆಲಸ ನೋಡ್ಕೊ' ಎಂದಾದ ಮೇಲೆ ಯಾರೋ ಫೈಲು ತಿರುವಿದರು. ಫೈಲು ಬದಲಾಯಿತು, ಅತ್ತಿಗೆಯ ಕಲ್ಲೂ ಹೋಯಿತು. ಡಿಸ್‌ಚಾರ್ಜಿನ ದಿನ ಆ ಆಯಾ ಇದನ್ನು ಅತ್ತಿಗೆಯ ಕಿವಿಯಲ್ಲಿ ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅತ್ತಿಗೆ ಆಕೆಗೆ ಒಂದು ಸೀರೆ ಕೊಟ್ಟರು. ಅಣ್ಣನಿಗೆ ವರ್ಷಗಟ್ಟಲೆ ಹೇಳಲಿಲ್ಲ.

ಒಂದು ಹೆಣ್ಣಿನ ಗರ್ಭಕೋಶ ಉಳಿದದ್ದು ಬಕೆಟ್ಟು ಹಿಡಿದ ಇನ್ನೊಬ್ಬ ಹೆಣ್ಣಿನ ಧೈರ್ಯದಿಂದ. ಆಕೆ ಅವತ್ತು ರಜೆಯಲ್ಲಿದ್ದಿದ್ದರೆ? ಅಥವಾ ಬೈಸಿಕೊಳ್ಳುವುದು ಯಾಕೆಂದು ಸುಮ್ಮನಿದ್ದಿದ್ದರೆ? ಎಲ್ಲರೂ ಹೆಸರು ಹೇಳಿಕೊಳ್ಳುವುದು ಮರ್ಯಾದೆಯ ಆಟವಲ್ಲ. ಒಮ್ಮೆ ಬಾಯಿ ತೆರೆದು ತನ್ನ ಹೆಸರು ಹೇಳಿದವಳಿಗೆ ಎರಡನೆಯ ಸಲ ಬಾಯಿ ತೆರೆಯುವುದು ಸುಲಭ. ತರಗತಿಯಲ್ಲಿ ಇದನ್ನು ನಾನು ನಿತ್ಯ ನೋಡುತ್ತೇನೆ. ಹಾಜರಿ ಕೂಗುವಾಗ ಗಟ್ಟಿಯಾಗಿ 'ಎಸ್ ಮಿಸ್' ಅನ್ನದ ಹುಡುಗಿ ದಿನವಿಡೀ ಪ್ರಶ್ನೆ ಕೇಳುವುದಿಲ್ಲ. ಚಿಕ್ಕ ಊರಿನ ಆಸ್ಪತ್ರೆಗೆ ಈ ಪ್ರಶ್ನೆ ಬೇಡವೆಂಬುದೂ ಸರಿಯಲ್ಲ. ಅಲ್ಲಿ ಅರಿವಳಿಕೆಯ ಡಾಕ್ಟರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ, ದೊಡ್ಡ ಸರ್ಜನ್ ವಾರಕ್ಕೊಮ್ಮೆ ಮೈಸೂರಿನಿಂದ ಬರುತ್ತಾರೆ, ನರ್ಸುಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಎಲ್ಲರಿಗೂ ಗೊತ್ತಿರುವುದು ದೊಡ್ಡ ಡಾಕ್ಟರ ಹೆಸರೊಂದೇ.

ನಾನು ಕೆಂಪು ಪೆನ್ನು ತಂದೆ. ಅವರ ಹಾಳೆಯನ್ನು ಬಿಟ್ಟು, ಮೂಲದ ಹಾಳೆಯನ್ನೇ ನಮ್ಮ ಸೀಮೆಗೆ ಹೊಂದಿಸಲು ಇಬ್ಬರೂ ಕುಳಿತೆವು. ವೈದ್ಯಕೀಯ ಆಕೆಯದು, ಭಾಷೆ ನನ್ನದು. ಹಾಗೆ ಕುಳಿತಾಗಲೇ ಮೂಲ ಹಾಳೆಯ ಕೊರತೆಗಳೂ ಕಂಡವು.

ಮೊದಲನೆಯ ಕೊರತೆ ಪ್ರಶ್ನೆ ಕೇಳುವ ರೀತಿ. ಹಾಳೆಯಲ್ಲಿರುವುದು 'ದೃಢಪಟ್ಟಿದೆಯೇ' ಎಂಬ ಮಾತು. ಹೌದು ಎಂದು ಗುರುತು ಹಾಕಿದರೆ ಮುಗಿಯಿತು. 'ಅರ್ಥವಾಯಿತೇನ್ರೋ?' ಎಂದು ಇಡೀ ತರಗತಿಯನ್ನು ಕೇಳಿ ನೋಡಿ. 'ಆಯ್ತು ಮಿಸ್' ಎಂದು ಐವತ್ತು ಕಂಠ ಒಟ್ಟಿಗೆ ಕೂಗುತ್ತವೆ. ಯಾವ ಮಗುವಿಗೂ ಅರ್ಥವಾಗಿರುವುದಿಲ್ಲ. ಬಿ.ಎಡ್.ನಲ್ಲಿ ನಮಗೆ ಮೊದಲು ಕಲಿಸಿದ್ದೇ, ಹೌದು ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಬೇಡಿ ಎಂದು. ನಮ್ಮ ಹಳ್ಳಿಯ ಹೆಂಗಸು ಬಿಳಿ ಕೋಟಿನವರು ಏನು ಕೇಳಿದರೂ 'ಹೂಂ' ಅನ್ನುತ್ತಾಳೆ, ಅದು ವಿನಯ. ಆದ್ದರಿಂದ ನಾವು ಹೀಗೆ ಬದಲಾಯಿಸಿದೆವು: 'ನಿಮ್ಮ ಹೆಸರು ಹೇಳೀಮ್ಮ. ಯಾವ ಊರು? ನಿಮ್ಮ ಯಜಮಾನರ ಹೆಸರೋ ತಂದೆಯ ಹೆಸರೋ ಹೇಳಿ. ಇವತ್ತು ಏನು ಆಪರೇಷನ್? ಯಾವ ಕಡೆ, ಕೈಯಿಟ್ಟು ತೋರಿಸಿ.' ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಗಂಡನ ಹೆಸರು ಹೇಳಲು ನಾಚುವ ಮುದುಕಿಯರು ಇನ್ನೂ ಇದ್ದಾರೆ, ಅವರು ತಂದೆಯ ಹೆಸರು ಹೇಳಲಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರಿನಲ್ಲಿ ಒಂದು ಇರುವುದೂ ಉಂಟು, ಅದನ್ನೂ ಕೇಳಲಿ. ಮಂಪರಿನ ಇಂಜೆಕ್ಷನ್ನಿಗೆ ಮೊದಲೇ ಕೇಳಲಿ.

ಎರಡನೆಯದು ಒಪ್ಪಿಗೆ. ಮೂಲದ ಹಾಳೆ ಕೇಳುವುದು ರೋಗಿಯ ಒಪ್ಪಿಗೆಯನ್ನು, ಗಂಡನದನ್ನಲ್ಲ. ಇಲ್ಲಿ ಹೊಂದಿಸುವವರು ಹಾಳೆಯನ್ನು ಸುಧಾರಿಸಿರಲಿಲ್ಲ, ಕೆಡಿಸಿದ್ದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಎಲ್ಲ ಹೆಂಗಸರೂ ತಿಳಿದಿರಬೇಕು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಹೆಣ್ಣಿನ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣ ಅದು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಬದಲಿಗೆ ಬೇರೆಯವರ ಒಪ್ಪಿಗೆ ಸಲ್ಲದು, ಪ್ರಾಣಾಪಾಯದ ತುರ್ತಿಲ್ಲದಿದ್ದರೆ ಆಕೆ ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬೇಕು ಎಂದು ನ್ಯಾಯಾಲಯ ಹೇಳಿತು. ಗಂಡನ ಸಹಿಯ ಸಾಲನ್ನು ಹೊಡೆದುಹಾಕಿ ನಾನು ಪಕ್ಕದಲ್ಲಿ ಬರೆದೆ: 'ಏನು ತೆಗೆಯುತ್ತಾರೆ ಎಂಬುದನ್ನು ನೀವೇ ಹೇಳಿ.' ವಿದ್ಯಾರ್ಥಿನಿ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಮೂರನೆಯದು ಹಾಳೆಯಲ್ಲಿ ಇಲ್ಲವೇ ಇಲ್ಲದ, ನಮ್ಮ ಕಡೆ ಬೇಕೇ ಬೇಕಾದ ವಿಷಯ. ಖಾಲಿ ಹೊಟ್ಟೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಆ ಅಪಾಯದ ಬಗ್ಗೆ ಮೂಲದಲ್ಲಿ ಒಂದು ಪ್ರಶ್ನೆ ಇದೆ, ಆದರೆ ಅದು ಡಾಕ್ಟರಿಗೆ. ರೋಗಿಯನ್ನು 'ಏನಾದ್ರೂ ತಿಂದ್ರಾ?' ಎಂದು ಕೇಳಿದರೆ 'ರಾತ್ರಿಯಿಂದ ಏನೂ ತಿಂದಿಲ್ಲ ಕಣವ್ವ' ಎನ್ನುತ್ತಾರೆ. ಬೆಳಿಗ್ಗೆ ಒಂದು ಲೋಟ ಕಾಫಿ, ಅದರಲ್ಲದ್ದಿದ ಎರಡು ಬನ್ನು ಆಗಿರುತ್ತದೆ. 'ಕಾಫಿ ಕುಡಿಯೋದು ತಿನ್ನೋದಾ?' ಎಂದು ಆಮೇಲೆ ಅವರೇ ನಮ್ಮನ್ನು ಕೇಳುತ್ತಾರೆ. ನಮ್ಮ ಸೀಮೆಯಲ್ಲಿ ಊಟ ಎಂದರೆ ಮುದ್ದೆ, ಮಿಕ್ಕದ್ದೆಲ್ಲ ಲೆಕ್ಕಕ್ಕಿಲ್ಲ. ಅದಕ್ಕೆ 'ಕಾಫಿ, ಟೀ, ಹಾಲು, ಬನ್ನು, ಎಲೆ ಅಡಿಕೆ, ಕೊನೆಯ ಸಲ ಎಷ್ಟು ಗಂಟೆಗೆ?' ಎಂದು ಬಿಡಿಸಿ ಬರೆದೆವು. ಬಳೆ, ಕಾಲುಂಗುರ, ಮೂಗುಬೊಟ್ಟು, ತಾಳಿ, ಹೇರ್‌ಪಿನ್ನು, ಕಟ್ಟಿದ ಹಲ್ಲು ಇವಕ್ಕೂ ಒಂದು ಸಾಲು ಬಂತು. ರಕ್ತನಾಳ ಸುಟ್ಟು ಮುಚ್ಚುವ ಕರೆಂಟಿನ ಉಪಕರಣ ಬಳಸುವಾಗ ಮೈಮೇಲೆ ಲೋಹವಿದ್ದರೆ ಸುಟ್ಟಗಾಯವಾಗಬಹುದಂತೆ. ತಾಳಿ ತೆಗೆಯೆಂದರೆ ಅಳುವವರಿದ್ದಾರೆ. ಅದನ್ನು ಥಿಯೇಟರಿನ ಬಾಗಿಲಲ್ಲಿ ಹೇಳಬಾರದು, ಹಿಂದಿನ ರಾತ್ರಿಯೇ ಅತ್ತೆಯನ್ನೂ ಕೂರಿಸಿಕೊಂಡು ಹೇಳಿ, ಅರಿಸಿನ ದಾರವನ್ನಾದರೂ ಕಟ್ಟಿ ಕಳಿಸಬೇಕು.

ನಾಲ್ಕನೆಯದು ರಕ್ತ. ಹೆಚ್ಚು ರಕ್ತ ಹೋಗುವ ಸಂಭವವಿದೆಯೇ ಎಂದು ಮೂಲದ ಹಾಳೆ ಕೇಳುವುದು ರೋಗಿ ಮೇಜಿನ ಮೇಲೆ ಮಲಗಿದ ಮೇಲೆ. ರಕ್ತನಿಧಿ ಅದೇ ಕಟ್ಟಡದಲ್ಲಿರುವ ಆಸ್ಪತ್ರೆಗೆ ಅದು ಸರಿ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರು, ಮಳವಳ್ಳಿಯಿಂದ ಇನ್ನೂ ದೂರ. ಆ ಗುಂಪಿನ ರಕ್ತ ಮಂಡ್ಯದಲ್ಲಿ ಇಲ್ಲವೆಂದರೆ ಮೈಸೂರಿಗೆ ಓಡಬೇಕು. ಆದ್ದರಿಂದ ಆ ಪ್ರಶ್ನೆಯನ್ನು ಹಿಂದಿನ ದಿನಕ್ಕೆ ತಳ್ಳಿದೆವು, ಮೇಜಿನ ಬಳಿ ಇನ್ನೊಮ್ಮೆ ಉಳಿಸಿಕೊಂಡೆವು. ಜನರೇಟರಿಗೆ ಡೀಸೆಲ್ ಇದೆಯೇ, ಎರಡನೆಯ ಆಕ್ಸಿಜನ್ ಸಿಲಿಂಡರ್ ತುಂಬಿದೆಯೇ ಎಂಬುದೂ ಸೇರಿತು. ನೋಡಿ, ಪ್ರಶ್ನೆ ಅದೇ, ಜಾಗ ಬೇರೆ. ಒಂದು ಆಸ್ಪತ್ರೆಗೆ ತಕ್ಕಂತೆ ಹೊಂದಿಸುವುದು ಎಂಬುದಕ್ಕೆ ನನಗೆ ಕಂಡ ಸರಿಯಾದ ಅರ್ಥ ಇದು.

ಐದನೆಯದು ಎಣಿಕೆ. 'ಸರಿ ಇದೆ' ಎಂಬ ಅಚ್ಚಿನ ಮಾತನ್ನು ಅಳಿಸಿ, 'ಮೊದಲು ಎಷ್ಟು, ಕೊನೆಗೆ ಎಷ್ಟು, ಎಣಿಸಿದ ಇಬ್ಬರು ಯಾರು' ಎಂದು ಖಾಲಿ ಜಾಗ ಬಿಟ್ಟೆವು. ಮಕ್ಕಳನ್ನು ಶಿವನಸಮುದ್ರಕ್ಕೆ ಪ್ರವಾಸ ಕರೆದುಕೊಂಡು ಹೋದ ಮೇಷ್ಟ್ರುಗಳಿಗೆಲ್ಲ ಇದು ಗೊತ್ತಿರುತ್ತದೆ. ಗಗನಚುಕ್ಕಿ ನೋಡಿ ಬಸ್ಸು ಹತ್ತಿಸುವಾಗ 'ಎಲ್ಲರೂ ಬಂದ್ರಾ?' ಎಂದು ಕೇಳಿದರೆ 'ಬಂದ್ರು ಮಿಸ್' ಎಂಬ ಕೂಗು ಬರುತ್ತದೆ. ಒಂದು ಸಲ ನಾನು ಆ ಕೂಗನ್ನೇ ನಂಬಿ ಬಸ್ಸು ಬಿಡಿಸಿದ್ದೆ. ಜೊತೆಯ ಟೀಚರ್ ಮತ್ತೆ ಒಂದೊಂದೇ ತಲೆ ಮುಟ್ಟಿ ಎಣಿಸಿದಾಗ ನಲವತ್ತೊಂದು. ಬಂದವರು ನಲವತ್ತೆರಡು. ಆ ಹುಡುಗ ಚುರುಮುರಿ ಗಾಡಿಯ ಹಿಂದೆ ನಿಂತಿದ್ದ. ಅಂದಿನಿಂದ ನಾನು ಎಣಿಸುತ್ತೇನೆ, ಇನ್ನೊಬ್ಬರಿಂದಲೂ ಎಣಿಸುತ್ತೇನೆ. ಹೊಟ್ಟೆಯೊಳಗೆ ಉಳಿದ ಬಟ್ಟೆಯ ತುಂಡು ಮಾತ್ರ ಆ ಹುಡುಗನಂತೆ ಕೂಗಿ ಕರೆಯುವುದಿಲ್ಲ.

ಒಟ್ಟು ಇಪ್ಪತ್ತಮೂರು ಪ್ರಶ್ನೆಗಳಾದವು. ಎಲ್ಲವೂ ಬಳಕೆಯ ಕನ್ನಡದಲ್ಲಿ. ನಾನು 'ಶಸ್ತ್ರಚಿಕಿತ್ಸೆ' ಎಂದು ಬರೆದಿದ್ದೆ, ವಿದ್ಯಾರ್ಥಿನಿ 'ಆಪರೇಷನ್ ಅಂತಲೇ ಇರಲಿ ಮಿಸ್' ಎಂದು ತಿದ್ದಿದಳು. ಶಿಷ್ಯೆಯಿಂದ ತಿದ್ದಿಸಿಕೊಂಡದ್ದು ನನಗೆ ಸಂತೋಷವೇ ಆಯಿತು.

ಇಷ್ಟು ಹೊಗಳಿದ ಮೇಲೆ ಹಾಳೆಯ ಮಿತಿಯನ್ನೂ ಹೇಳದಿದ್ದರೆ ಅದು ವಿಮರ್ಶೆಯಾಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಹಾಳೆಯನ್ನು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಿದರು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಪ್ರಕಟವಾದಾಗ ಸಾವಿನಲ್ಲಾಗಲಿ ತೊಂದರೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣವೇನೆಂದು ವೈದ್ಯರಲ್ಲೇ ವಾದಗಳಿವೆ. ನನಗೆ ಮಾತ್ರ ನಮ್ಮ ಪಾಠಯೋಜನೆಯ ಪುಸ್ತಕ ನೆನಪಾಯಿತು. ಇನ್ಸ್‌ಪೆಕ್ಷನ್ನಿನ ಹಿಂದಿನ ರಾತ್ರಿ ಊಟವಾದ ಮೇಲೆ ಮೂರು ತಿಂಗಳ ಪಾಠಯೋಜನೆಯನ್ನು ಒಂದೇ ಪೆನ್ನಿನಲ್ಲಿ ಬರೆದದ್ದು ನಾನೂ ಉಂಟು. ಪುಸ್ತಕ ತುಂಬಿತ್ತು, ಸಹಿ ಬಿತ್ತು, ಮಕ್ಕಳಿಗೆ ಅದರಿಂದ ಏನೂ ಆಗಲಿಲ್ಲ. ಮೇಲಿನಿಂದ ಬಂದ ಹಾಳೆಯನ್ನು ಯಾರಾದರೂ ತುಂಬಿಯಾರು. ಕೂಗಿ ಕೇಳಬೇಕೆಂದರೆ ಅದು ತಮ್ಮದು ಎನ್ನಿಸಬೇಕು.

ಹೆರಿಗೆಗೆಂದು ಇಂಥದ್ದೇ ಇನ್ನೊಂದು ಹಾಳೆ ಇದೆ, 29 ಅಂಶಗಳದ್ದು. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು 2010ರಲ್ಲಿ, ನಮ್ಮ ಕರ್ನಾಟಕದಲ್ಲೇ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರ ಸಹಯೋಗದಲ್ಲಿ, ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ. ಅಲ್ಲಿ ಮೊದಲು ಸರಾಸರಿ 10 ಅಂಶಗಳು ಮಾತ್ರ ನಡೆಯುತ್ತಿದ್ದವು, ಹಾಳೆ ಬಂದ ಮೇಲೆ 25. ಕೈತೊಳೆಯುವುದರಿಂದ ಹಿಡಿದು ಮಗುವಿಗೆ ಬೇಗ ಹಾಲೂಡಿಸುವವರೆಗೆ. ಅದನ್ನೇ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪ್ರಯೋಗಿಸಿ 2017ರಲ್ಲಿ ಫಲಿತಾಂಶ ಬಂದಾಗ ಕೆಲಸದ ಕ್ರಮ ಸುಧಾರಿಸಿತ್ತು, ಆದರೆ ತಾಯಿ ಮಕ್ಕಳ ಸಾವು ಇಳಿದಿರಲಿಲ್ಲ. ಕಲಿಸಿಕೊಡುವವರ ಭೇಟಿ ನಿಂತ ಮೇಲೆ ಆ ಕ್ರಮವೂ ಜಾರತೊಡಗಿತ್ತು. ನೆನಪಿಸುವುದು ಹಾಳೆಯ ಕೆಲಸ. ಇಲ್ಲದ ಡಾಕ್ಟರನ್ನು, ಇಲ್ಲದ ರಕ್ತವನ್ನು ಅದು ತಂದುಕೊಡಲಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದು ಡ್ರಿಪ್ ಹಾಕುವ ದ್ರಾವಣದ ಮೇಲೆ. ಬಾಟಲಿಯೊಳಗಿನದೇ ಕೆಟ್ಟಿದ್ದರೆ ಯಾವ ಹಾಳೆ ಏನು ಮಾಡೀತು? ಅದಕ್ಕೆ ಬೇರೆ ಕಾವಲು ಬೇಕು, ಬೇರೆ ಹೊಣೆಗಾರರು ಬೇಕು. ನರ್ಸಿನ ಕೈಗೊಂದು ಹಾಳೆ ಕೊಟ್ಟು ಎಲ್ಲ ತಪ್ಪನ್ನೂ ಆಕೆಯ ಸಹಿಯ ಕೆಳಗೆ ತಳ್ಳುವುದನ್ನೂ ನಾವು ಒಪ್ಪಬಾರದು.

ಆದರೂ ನನ್ನ ತೀರ್ಮಾನ ಹಾಳೆಯ ಪರವಾಗಿಯೇ ಇದೆ. ಬರಹವಾಗಿ ಅದು ಚಿಕ್ಕದು, ಸ್ಪಷ್ಟ, ತಿದ್ದುವುದಕ್ಕೆ ತಾನೇ ಒಪ್ಪಿಗೆ ಕೊಟ್ಟಿರುವುದು. ತಿದ್ದುವವರು ಮಾತ್ರ ಒಂದು ವಿಷಯ ಮರೆಯಬಾರದು. ಅದನ್ನು ಹೊಂದಿಸಬೇಕಾದದ್ದು ಮೇಜಿನ ಮೇಲೆ ಮಲಗಿದವಳಿಗೆ ಮತ್ತು ಮೂಲೆಯಲ್ಲಿ ನಿಂತವಳಿಗೆ. ನಡುವೆ ನಿಂತ ದೊಡ್ಡವರ ಅನುಕೂಲಕ್ಕೆ ಅದನ್ನು ಹೊಂದಿಸಿದರೆ, ಅವರಿಗೆ ಮುಜುಗರವಾಗುವ ಪ್ರಶ್ನೆಗಳೇ ಮೊದಲು ಬಿದ್ದುಹೋಗುತ್ತವೆ. ಜೀವ ಉಳಿಸುವ ಪ್ರಶ್ನೆಗಳು ಹೆಚ್ಚಾಗಿ ಅವೇ.

ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ಯಾರಿಗಾದರೂ ಆಪರೇಷನ್ ನಿಶ್ಚಯವಾಗಿದ್ದರೆ, ನಿಮ್ಮ ಆಸ್ಪತ್ರೆಯಲ್ಲಿ ಈ ಹಾಳೆ ಇದೆಯೇ ಎಂದು ಕೇಳಿ. ಕೇಳಲು ಸಂಕೋಚವಾದರೆ ಇಷ್ಟು ಮಾಡಿ. ಯಾರು ಕೇಳದಿದ್ದರೂ ನಿಮ್ಮ ಪೂರ್ತಿ ಹೆಸರು, ಊರು, ಏನು ಆಪರೇಷನ್, ಯಾವ ಕಡೆ ಎಂಬುದನ್ನು ನೀವೇ ಗಟ್ಟಿಯಾಗಿ ಹೇಳಿ. ಕುಡಿದ ಕಾಫಿಯನ್ನು ಮುಚ್ಚಿಡಬೇಡಿ. ಒಗ್ಗದ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. 'ಅವರೇ ಅಲ್ವಾ?' ಎಂದರೆ ಬರೀ 'ಹೂಂ' ಅನ್ನಬೇಡಿ.

ಎರಡು ತಿಂಗಳಾದ ಮೇಲೆ ವಿದ್ಯಾರ್ಥಿನಿ ಫೋನು ಮಾಡಿದಳು. ನಮ್ಮ ಹಾಳೆಯಲ್ಲಿ ಬಹುಪಾಲು ಉಳಿದಿದೆಯಂತೆ. ಗಂಡನ ಸಹಿಯ ಸಾಲು ಮಾತ್ರ ಬೇರೆ ಕಾಗದಕ್ಕೆ ಹೋಗಿದೆ, ಪೂರ್ತಿ ಹೋಗಿಲ್ಲ. ಹೆಸರು ಹೇಳುವ ಪ್ರಶ್ನೆಗೆ ದೊಡ್ಡ ಡಾಕ್ಟರು ಮೊದಲು ನಕ್ಕರಂತೆ. ಅರಿವಳಿಕೆಯ ಡಾಕ್ಟರು ತಾವೇ ಮೊದಲು ಹೇಳಿದರಂತೆ, ಆಮೇಲೆ ನರ್ಸುಗಳು, ಆಮೇಲೆ ದೊಡ್ಡ ಡಾಕ್ಟರೂ. ಕೊನೆಗೆ ಎಲ್ಲರೂ ಆಯಾಳ ಕಡೆ ತಿರುಗಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು, ಆಮೇಲೆ ಹೇಳಿದಳು.

"ಎಂಟು ವರ್ಷದಿಂದ ಜೊತೇಲಿ ಕೆಲಸ ಮಾಡ್ತಿದೀನಿ ಮಿಸ್," ಎಂದಳು ನನ್ನ ಶಿಷ್ಯೆ, "ಅವರ ಹೆಸರು ನನಗೂ ಅವತ್ತೇ ಗೊತ್ತಾಗಿದ್ದು."